ತಲೆ ತೆಗೆಯದೆ ಬಿಟ್ಟ ಬ್ಯಾಟರಿ

ಬ್ಯಾಟರಿ ಅಂಗಡಿಗೆ ಕೆಲಸಕ್ಕೆ ಸೇರುವವರಿಗೆ ಈಗ ಕಂಪನಿಯವರೇ ಮೂರು ದಿನ ತರಬೇತಿ ಕೊಡ್ತಾರಂತೆ. ಪರದೆ ಮೇಲೆ ಚಿತ್ರ ತೋರಿಸಿ, ಕೊನೆಗೆ ಒಂದು ಟೋಪಿ ಕೊಟ್ಟು ಕಳಿಸ್ತಾರಂತೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ನಾನು ಮೂವತ್ತೆಂಟು ವರ್ಷ ವೇಲಚೇರಿಯ ಒಂದೇ ಅಂಗಡಿಯಲ್ಲಿ ಬ್ಯಾಟರಿ ಎತ್ತಿ ಇಳಿಸಿ, ಈಗ ತಾಂಬರಂನಲ್ಲಿ ಮಗಳ ಮನೆಯ ಮಹಡಿಯಲ್ಲಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಕೂತವನು. ಆ ಪರದೆಯಲ್ಲಿ ತೋರಿಸದ್ದು ಸ್ವಲ್ಪ ನನ್ನ ಹತ್ತಿರ ಉಂಟು. ಮೊಮ್ಮಕ್ಕಳಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡ್ತಾವೆ. ಆದರೂ ನನಗೆ ನಿಜ ಬರೆಯಲಿಕ್ಕೆ ಬರುವುದು ಈ ಭಾಷೆಯಲ್ಲೇ, ಎಂತ ಮಾಡುವುದು.

ನಮ್ಮದು ಕುಂದಾಪುರದ ಕಡೆ. ಊರಿನ ಎಲ್ಲರ ಹಾಗೆ ನಾನೂ ಮದ್ರಾಸಿಗೆ ಬಂದದ್ದು ಹೋಟೆಲ್ ಕೆಲಸಕ್ಕೆ, ಅಡ್ಯಾರಿನಲ್ಲಿ ಸೋದರಮಾವನ ಹೋಟೆಲಿಗೆ. ಎರಡು ವರ್ಷ ಟೇಬಲ್ ಒರೆಸಿದೆ. ಒಂದು ದಿನ ಹೋಟೆಲಿನ ತರಕಾರಿ ಗಾಡಿ ಸ್ಟಾರ್ಟ್ ಆಗಲಿಲ್ಲ. ಬಿಳಿ ಲುಂಗಿ ಉಟ್ಟವರೊಬ್ಬರು ಬಂದು, ಬಾನೆಟ್ ಎತ್ತಿ, ಮಾತಾಡದೆ ಎರಡು ನಟ್ಟು ಬಿಚ್ಚಿ ಬಿಗಿದರು. ಗಾಡಿ ಗುರ್ ಅಂದಿತು. ನಾನು ಟೇಬಲ್ ಒರೆಸುವ ಬಟ್ಟೆ ಅಲ್ಲೇ ಇಟ್ಟು ಅವರ ಹಿಂದೆ ಹೋದವನು ವಾಪಸ್ ಬರಲಿಲ್ಲ. ಮಾವ ನನ್ನ ಹತ್ತಿರ ಆರು ತಿಂಗಳು ಮಾತು ಬಿಟ್ಟಿದ್ದ.

ಆ ಲುಂಗಿಯವರೇ ನಮ್ಮ ಧಣಿ. ಎಲ್ಲರೂ ಅವರನ್ನು ಅಣ್ಣಾಚಿ ಅಂತ ಕರೆಯುವುದು, ನಾನೂ ಹಾಗೇ ಕರೆದೆ. ಹೊಗಳಿದ್ದೇ ಇಲ್ಲ ಮನುಷ್ಯ. ಮೊದಲ ತಿಂಗಳಲ್ಲಿ ನಾನು ಪ್ಲಸ್ ಕಡೆಯ ನಟ್ಟನ್ನು ಮೊದಲು ಬಿಚ್ಚಲಿಕ್ಕೆ ಹೋಗಿ, ಸ್ಪ್ಯಾನರಿನ ಬಾಲ ಗಾಡಿಯ ಬಾಡಿಗೆ ತಾಗಿ, ಕಿಡಿ ಹಾರಿ, ಹುಬ್ಬು ಸುಟ್ಟುಕೊಂಡೆ. ಅಣ್ಣಾಚಿ ಬೈಯಲಿಲ್ಲ. ಕನ್ನಡಿ ತಂದು ನನ್ನ ಮುಖಕ್ಕೆ ಹಿಡಿದರು, ಅಷ್ಟೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೇನೆ.

ಅವರದು ಇನ್ನೂ ಎರಡು ಪದ್ಧತಿ ಇತ್ತು. ಈ ಕಥೆಗೆ ಅವೆರಡೂ ಬೇಕು. ಒಂದು, ಅಂಗಡಿಯಿಂದ ಹೋಗುವ ಪ್ರತಿ ಹೊಸ ಬ್ಯಾಟರಿಗೂ ಬೊಟ್ಟು ಇಡುವುದು. ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ, ಬೆರಳಿನಲ್ಲಿ ಒತ್ತಿ ಇಟ್ಟರೆ ಪ್ಲಾಸ್ಟಿಕ್ಕಿನ ಅಕ್ಷರಗಳ ಸಂದಿಗೆ ಇಳಿದು ವರ್ಷಗಟ್ಟಲೆ ಹೋಗುವುದಿಲ್ಲ. ಡ್ರೈವರುಗಳು ಅದನ್ನು ಬೊಟ್ಟಿನ ಬ್ಯಾಟರಿ ಅಂತಲೇ ಕೇಳಿ ತಗೊಳ್ತಿದ್ದರು. ಇನ್ನೊಂದು, ಕೆಲಸಕ್ಕೆ ಬಾರದ ಹಳೆ ಬ್ಯಾಟರಿಯನ್ನು ಗುಜರಿಯವನಿಗೆ ಕೊಡುವ ಮುಂಚೆ ಅದರ ತಲೆ ತೆಗೆಯುವುದು. ಅಂದರೆ ಮೇಲೆ ಎದ್ದುಕೊಂಡಿರುವ ಎರಡು ಸೀಸದ ಮೊಳೆಗಳನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ದು ಬಿಡುವುದು. ತಲೆ ಹೋದ ಬ್ಯಾಟರಿಗೆ ವೈರು ಕಟ್ಟಲಿಕ್ಕಾಗುವುದಿಲ್ಲ, ಯಾರೂ ಅದನ್ನು ತೊಳೆದು ಒರೆಸಿ ಒಳ್ಳೆಯದು ಅಂತ ಮಾರಲಿಕ್ಕಾಗುವುದಿಲ್ಲ. ಸತ್ತದ್ದು ಎದ್ದು ಓಡಾಡಬಾರದು ಅಂತ ಅಣ್ಣಾಚಿ ಹೇಳ್ತಿದ್ದರು. ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ.

ಇನ್ನು ಪಿಕಪ್ ಗಾಡಿಯ ವಿಚಾರ. ಭಾರ ಹೊರುವ ದೊಡ್ಡ ಡೀಸೆಲ್ ಪಿಕಪ್ಪಿಗೆ ಬ್ಯಾಟರಿ ಆರಿಸುವಾಗ ಮಾಲೀಕ ಕೇಳುವುದು ಒಂದೇ, ದೊಡ್ಡದು ಹಾಕಿ ಅಂತ. ದೊಡ್ಡದು ಬಾನೆಟ್ಟಿನೊಳಗಿನ ಬ್ಯಾಟರಿ ತಟ್ಟೆಯಲ್ಲಿ ಕೂರಬೇಕಲ್ಲ! ಮೊದಲು ತಟ್ಟೆ ಅಳೆಯಿರಿ. ಆಮೇಲೆ ಪ್ಲಸ್ ಯಾವ ಕಡೆ ಬರಬೇಕು ನೋಡಿ, ಇಲ್ಲದಿದ್ದರೆ ವೈರನ್ನು ಎಳೆದು ಎಳೆದು ಬಿಗಿಯಬೇಕಾಗ್ತದೆ. ಡೀಸೆಲ್ ಎಂಜಿನ್ನನ್ನು ತಿರುಗಿಸಲಿಕ್ಕೆ ಒಂದೇ ಏಟಿಗೆ ಎಷ್ಟು ಕರೆಂಟ್ ಕೊಡ್ತದೆ, ಅದು ಮುಖ್ಯ. ಗಂಟೆಗಟ್ಟಲೆ ದೀಪ ಉರಿಸುವ ಲೆಕ್ಕ ಅದರ ನಂತರ. ಚೆನ್ನೈಯ ಸೆಖೆ ಬ್ಯಾಟರಿಯನ್ನು ಒಳಗಿಂದಲೇ ಬೇಯಿಸ್ತದೆ, ಡಬ್ಬದ ಮೇಲೆ ಬರೆದ ವರ್ಷ ನಂಬಬೇಡಿ. ಎಲ್ಲಕ್ಕಿಂತ ದೊಡ್ಡದು ಹಿಡಿದು ಕೂರಿಸುವ ಕ್ಲಾಂಪು. ಪಿಕಪ್ ಅಂದರೆ ದಿನವಿಡೀ ಕುಲುಕಾಟ. ಕ್ಲಾಂಪು ಸಡಿಲ ಬಿಟ್ಟರೆ ಒಳಗೆ ಪ್ಲೇಟುಗಳನ್ನು ಜೋಡಿಸುವ ಸೀಸದ ಕೊಂಡಿ ಬಿರುಕು ಬಿಡ್ತದೆ. ಬಿರುಕು ಬಿಟ್ಟದ್ದು ಹೊರಗಿನಿಂದ ಕಾಣುವುದಿಲ್ಲ.

ಕಾಣದ್ದರ ಬಗ್ಗೆ ನನಗೆ ಮೊದಲು ಹೆದರಿಕೆ ಹುಟ್ಟಿದ್ದು ಅಡ್ಯಾರಿನ ಒಂದು ಮನೆಯಲ್ಲಿ. ಯಜಮಾನರು ತೀರಿಹೋಗಿ ಎಂಟು ತಿಂಗಳಾಗಿತ್ತು. ಅವರ ಪಿಕಪ್ ಶೆಡ್ಡಿನಲ್ಲಿ ಹಾಗೇ ನಿಂತಿತ್ತು, ಮಾರಬೇಕು, ಹೊಸ ಬ್ಯಾಟರಿ ಹಾಕಿಕೊಡಿ ಅಂತ ಅವರ ಹೆಂಡತಿ ಹೇಳಿ ಕಳಿಸಿದ್ದರು. ಮಧ್ಯಾಹ್ನ ಹನ್ನೆರಡರ ಉರಿಬಿಸಿಲು. ಶೆಡ್ಡಿನ ಬಾಗಿಲಲ್ಲಿ ಅಮ್ಮನವರು ನಿಂತಿದ್ದರು. ನಾನು ಕೊನೆಯ ಮೈನಸ್ ವೈರು ತಾಗಿಸಿದ್ದೇ ತಡ, ವೈಪರ್ ಎರಡೂ ಎದ್ದು ಒಣಗಾಜನ್ನು ಕರಕರ ಒರೆಸಲಿಕ್ಕೆ ಶುರು ಮಾಡಿದವು. ಎಡಗಡೆಯ ಇಂಡಿಕೇಟರ್ ಮಿಣಕ್ ಮಿಣಕ್ ಅಂತ ಹೊಡೆದುಕೊಳ್ತಾ ಇತ್ತು. ಗಾಡಿಯೊಳಗೆ ಒಂದು ನರಪಿಳ್ಳೆ ಇಲ್ಲ.

ನನ್ನ ಕೈಯಿಂದ ಸ್ಪ್ಯಾನರ್ ಬಿದ್ದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಗ್ಗಿ ನೋಡಿದರೆ ಬೀಗದಕೈ ಆನ್ ಆದಲ್ಲೇ ಇತ್ತು. ಅಮ್ಮನವರು ಅಲ್ಲಾಡದೆ ನಿಂತು ಮೆಲ್ಲಗೆ ಹೇಳಿದರು, ಅವತ್ತು ಜೋರು ಮಳೆ, ಗೇಟಿನೊಳಗೆ ಎಡಕ್ಕೆ ತಿರುಗಿಸಿ ತಂದು ನಿಲ್ಲಿಸಿದರು, ಎದೆ ಹಿಡ್ಕೊಂಡರು, ಬೀಗದಕೈ ಯಾರು ನೋಡ್ತಾರೆ. ಮನುಷ್ಯ ಬಿಟ್ಟಲ್ಲಿಂದಲೇ ಗಾಡಿ ಮುಂದುವರಿಸಿತ್ತು. ಅವರು ಆರಿಸಬೇಡಿ, ಸ್ವಲ್ಪ ಹೊತ್ತು ಇರಲಿ ಅಂದರು. ನಾವಿಬ್ಬರೂ ಆ ಬಿಸಿಲಿನಲ್ಲಿ ನಿಂತು ಇಲ್ಲದ ಮಳೆಯನ್ನು ಒರೆಸುವುದನ್ನು ನೋಡಿದೆವು.

ಅದಕ್ಕೆ ಕಾರಣ ಸಿಕ್ಕಿತು. ಈಗ ಹೇಳುವುದಕ್ಕೂ ಕಾರಣ ಉಂಟು, ಬೇಕಾದರೆ ಒಂದೊಂದನ್ನೂ ಬಿಡಿಸಿ ತೋರಿಸ್ತೇನೆ. ಆದರೂ ಮೈ ಜುಂ ಅನ್ನುವುದು ನಿಂತಿಲ್ಲ.

ಹಿಂದೆಲ್ಲ ಬ್ಯಾಟರಿಗೆ ಆರು ಮುಚ್ಚಳ, ಆರು ಕೋಣೆ. ಒಂದೊಂದನ್ನೂ ಬಿಚ್ಚಿ, ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು, ತೇಲುಗೋಲು ಎಲ್ಲಿ ನಿಲ್ತದೆ ನೋಡಿ ಹೇಳಬೇಕು. ಆಮೇಲೆ ಬಂದದ್ದು ಮುಚ್ಚಿ ಅಂಟಿಸಿದ ಬ್ಯಾಟರಿ. ಮೇಲೆ ಬಟಾಣಿಯಷ್ಟು ದೊಡ್ಡ ಒಂದು ಕಣ್ಣು. ಹಸಿರು ಕಂಡರೆ ಒಳ್ಳೆಯದು, ಕಪ್ಪಾದರೆ ಚಾರ್ಜ್ ಇಲ್ಲ. ಗಿರಾಕಿಗಳಿಗೆ ಖುಷಿಯೋ ಖುಷಿ. ಅಣ್ಣಾಚಿ ಮಾತ್ರ ಮೂಗು ಮುರಿದರು. ಆ ಕಣ್ಣು ಆರು ಕೋಣೆಯಲ್ಲಿ ಒಂದನ್ನು ಮಾತ್ರ ನೋಡ್ತದೆ, ಉಳಿದ ಐದರಲ್ಲಿ ಹೆಣ ಬಿದ್ದಿದ್ದರೂ ಹಸಿರಾಗಿಯೇ ಇರ್ತದೆ ಅಂದರು. ಮಕ್ಕಳೇ, ಇದೊಂದು ಬರೆದಿಟ್ಟುಕೊಳ್ಳಿ.

ಅಣ್ಣಾಚಿ ತೀರಿಹೋದ ಮೇಲೆ ಅಂಗಡಿ ನಾನೇ ನೋಡಿಕೊಳ್ತಿದ್ದೆ. ಆ ವರ್ಷದ ಆಯುಧಪೂಜೆ. ಬೆಳಿಗ್ಗೆಯೇ ಸ್ಪ್ಯಾನರು, ಮೀಟರು, ಹ್ಯಾಕ್ಸಾ ಎಲ್ಲ ತೊಳೆದು, ದೇವರ ಪಟದ ಮುಂದೆ ಬಾಳೆಲೆ ಹಾಸಿ ಸಾಲಾಗಿ ಇಟ್ಟು, ಬೊಟ್ಟು ಹಚ್ಚಿ, ಹೂ ಏರಿಸಿದ್ದಾಗಿತ್ತು. ಒಮ್ಮೆ ಇಟ್ಟ ಮೇಲೆ ಮರುದಿನದವರೆಗೆ ಆಯುಧ ಮುಟ್ಟುವ ಹಾಗಿಲ್ಲ. ಆಗ ಸುಧಾಕರ ಗಾಡಿ ತಳ್ಳಿಸಿಕೊಂಡು ಬಂದ. ನಮ್ಮೂರ ಕಡೆಯವನೇ, ದೋಸೆ ಹುಯ್ಯುವುದರಲ್ಲಿ ಅವನ ಕೈ ಅಂದರೆ ಕೈ. ಕಾವಲಿ ಮೇಲೆ ಅವನ ಬಲಗೈ ತಿರುಗುವುದನ್ನು ನೋಡಲಿಕ್ಕೇ ಜನ ನಿಲ್ತಿದ್ದರು. ಆಗ ಸ್ವಂತ ಮೆಸ್ ಮಾಡಿ, ದೊಡ್ಡ ಪಿಕಪ್ಪಿನಲ್ಲಿ ಕಾಲೇಜು ಹಾಸ್ಟೆಲುಗಳಿಗೆ ತಿಂಡಿ ಕಳಿಸ್ತಿದ್ದ. ಗಾಡಿ ಸ್ಟಾರ್ಟ್ ಆಗ್ತಾ ಇಲ್ಲ ವಾಸಣ್ಣ, ಪೂಜೆಗೆ ನಿಂಬೆಹಣ್ಣು ತಂದಾಗಿದೆ, ಚಕ್ರದಡಿ ಇಟ್ಟು ಹತ್ತಿಸದಿದ್ದರೆ ಹೇಗೆ ಅಂತ ಅವನ ಗೋಳು.

ನಮ್ಮ ಆಯುಧ ಮುಟ್ಟುವ ಹಾಗಿಲ್ಲವಲ್ಲ, ಅವನ ಗಾಡಿಯ ಸೀಟಿನಡಿಯ ರಿಂಗ್ ಸ್ಪ್ಯಾನರಿನಲ್ಲೇ ಹಳೆಯದನ್ನು ಬಿಚ್ಚಿ ಹೊಸದು ಕೂರಿಸಿದೆ. ಹಳೆಯದು ಗಾಡಿಯ ಜೊತೆಗೇ ಬಂದದ್ದು, ನಮ್ಮ ಅಂಗಡಿಯ ಬೊಟ್ಟಿನದಲ್ಲ. ಅದರ ಕಣ್ಣು ಹಸಿರು. ಸಂಶಯ ಬಂದು ಬ್ಯಾಟರಿಯ ಬಲ ಅಳೆಯುವ ಲೋಡ್ ಟೆಸ್ಟರಿಗೆ ಕೊಟ್ಟೆ. ಅದು ಪೂಜೆಗೆ ಇಡದ ದೊಡ್ಡ ಯಂತ್ರ, ಮೂಲೆಯಲ್ಲಿತ್ತು. ಮೊದಲ ಸಲ ಪಾಸು. ಎರಡನೇ ಸಲ ಪಾಸು. ಮೂರನೇ ಸಲ ಮುಳ್ಳು ಸೊನ್ನೆಗೆ ಬಿತ್ತು. ನಾಲ್ಕನೇ ಸಲ ಮತ್ತೆ ಪಾಸು, ಏನೂ ಆಗದ ಹಾಗೆ. ಒಳಗಿನ ಕೊಂಡಿ ಬಿರುಕು ಬಿಟ್ಟಿದೆ, ಕುಲುಕಿದರೆ ಕೂಡ್ತದೆ, ಕುಲುಕಿದರೆ ಬಿಡ್ತದೆ ಅಂತ ಗೊತ್ತಾಯಿತು. ಪೂರ್ತಿ ಸತ್ತದ್ದಾದರೆ ಭಯವಿಲ್ಲ. ಇಂಥದ್ದು ಬಹಳ ಕೆಟ್ಟದ್ದು.

ಸುಧಾಕರ ಖುಷಿಯಲ್ಲಿ ಹೋದ. ತಲೆ ತೆಗೆಯಬೇಕು, ಹ್ಯಾಕ್ಸಾ ಹೂವಿನ ಅಡಿಯಲ್ಲಿ. ನಾಳೆ ನೋಡುವ ಅಂತ ಅದನ್ನು ಗೋಡೆ ಬದಿಗೆ ಇಟ್ಟೆ. ಸಂಜೆ ಪೂಜೆ. ಸಾಲಾಗಿ ಇಟ್ಟ ಹೊಸ ಬ್ಯಾಟರಿಗಳಿಗೆಲ್ಲ ಬೊಟ್ಟು ಇಡ್ತಾ ಬಂದೆ. ಬೆರಳು ಅಭ್ಯಾಸದಲ್ಲಿ ಒಂದಾದ ಮೇಲೊಂದು ಒತ್ತುತ್ತಾ ಹೋಗಿ, ಸಾಲಿನ ಕೊನೆಯಲ್ಲಿ ಆ ಹಳೆಯದಕ್ಕೂ ಒತ್ತಿಬಿಟ್ಟಿತು. ಹಸಿರು ಕಣ್ಣಿನ ಪಕ್ಕದಲ್ಲೇ ಕೆಂಪು ಬೊಟ್ಟು. ಒರೆಸಬಹುದಿತ್ತು. ಪೂಜೆಯ ಹೊತ್ತಿಗೆ ಇಟ್ಟ ಕುಂಕುಮ ಒರೆಸುವುದುಂಟಾ? ಹೋಗಲಿ, ಇದಕ್ಕೂ ಒಂದು ದಿನ ದೇವರ ಆಶೀರ್ವಾದ ಅಂತ ನಕ್ಕು ಸುಮ್ಮನಾದೆ. ಮರುದಿನ ನಾನು ಹತ್ತು ಗಂಟೆಗೆ ಬರುವಷ್ಟರಲ್ಲಿ ಗುಜರಿಯವನು ಸೈಕಲ್ ಗಾಡಿ ತಂದು ಹಳೆಯದನ್ನೆಲ್ಲ ಒಯ್ದಾಗಿತ್ತು. ಅದೂ ಹೋಗಿತ್ತು, ತಲೆಯ ಸಮೇತ. ಅವನನ್ನು ಹುಡುಕಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ.

ಇಪ್ಪತ್ತು ದಿನ ಆಗಿರಬಹುದು. ಕ್ಯಾನ್ ನೀರು ಸಾಗಿಸುವ ಏಳುಮಲೈ ತನ್ನ ಪಿಕಪ್ಪನ್ನು ತಳ್ಳಿಸಿಕೊಂಡು ಬಂದ. ಅವನ ತುಟಿ ಬೆಳ್ಳಗಾಗಿತ್ತು. ರೈಲ್ವೆ ಗೇಟು ದಾಟುವಾಗ ಹಳಿಯ ಕುಲುಕಿಗೆ ಎಂಜಿನ್ ತಾನಾಗಿಯೇ ನಿಂತುಹೋಯಿತಂತೆ. ದೀಪವಿಲ್ಲ, ಹಾರ್ನಿಲ್ಲ, ಏನೂ ಇಲ್ಲ. ಗೇಟಿನವನೂ ನಾಲ್ಕು ಜನವೂ ಸೇರಿ ತಳ್ಳಿದರಂತೆ, ಆಮೇಲೆ ಎರಡೇ ನಿಮಿಷಕ್ಕೆ ರೈಲು. ತಳ್ಳಿ ಈಚೆ ತಂದದ್ದೇ ಬ್ಯಾಟರಿ ಮತ್ತೆ ಜೀವ ಹಿಡಿದು, ರೇಡಿಯೋ ತಾನಾಗಿ ಹಾಡಲಿಕ್ಕೆ ಶುರು ಮಾಡಿತಂತೆ, ಅದನ್ನು ನಂಬಿ ಓಡಿಸಲಿಕ್ಕೆ ಅವನಿಗೆ ಧೈರ್ಯ ಬರಲಿಲ್ಲ.

ನಾನು ಬಾನೆಟ್ ಎತ್ತಿದೆ. ಹಸಿರು ಕಣ್ಣು. ಪಕ್ಕದಲ್ಲಿ ನನ್ನ ಬೆರಳಿನ ಬೊಟ್ಟು, ಅಕ್ಷರದ ಸಂದಿಯಲ್ಲಿ ಕೆಂಪಗೆ. ಮೀಟರ್ ಹಿಡಿದರೆ ಹನ್ನೆರಡೂವರೆ ವೋಲ್ಟಿನ ಮೇಲೆ, ಹೊಸದರ ಹಾಗೆ.

ಏಳುಮಲೈ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ನಿಮ್ಮ ಅಂಗಡಿ ಬೊಟ್ಟು ತಾನೇ ಅಣ್ಣಾ? ಅದನ್ನು ನೋಡಿಯೇ ಸೆಕೆಂಡ್‌ಹ್ಯಾಂಡಿನಲ್ಲಿ ತಗೊಂಡೆ" ಅಂದ.

ಇಲ್ಲಿ ನಾನು ಮಾಡಿದ್ದನ್ನು ಓದಿ. ಅದು ನನ್ನ ಕೈ ತಪ್ಪಿ ಹೋದ ಸತ್ತ ಬ್ಯಾಟರಿ, ಇಲ್ಲಿ ಬಿಟ್ಟು ಹೋಗು, ಈಗಲೇ ತಲೆ ಕುಯ್ತೇನೆ ಅಂತ ಹೇಳಬೇಕಿತ್ತು. ಹೇಳಿದರೆ ಬೊಟ್ಟಿನ ಮರ್ಯಾದೆ ಏನಾಗಬೇಕು, ಅಣ್ಣಾಚಿ ನಲವತ್ತು ವರ್ಷ ಕಟ್ಟಿದ ಹೆಸರು ಏನಾಗಬೇಕು ಅಂತ ಲೆಕ್ಕ ಹಾಕಿದೆ. ಯಾರೋ ನಮ್ಮ ಹಾಗೆ ಬೊಟ್ಟು ಇಡ್ತಾರಪ್ಪ, ನಮ್ಮದಲ್ಲ ಅಂದೆ. ಹೊಸದು ಹಾಕಿಕೊಟ್ಟೆ. ಹಳೆಯದು ಬಿಟ್ಟು ಹೋಗು ಅಂದರೆ ಅವನು ಕೇಳಲಿಲ್ಲ, ಪಲ್ಲಾವರದಲ್ಲಿ ಇದನ್ನು ಮಾರಿದವನ ಮುಖಕ್ಕೇ ಎಸೆದು ಬರಬೇಕು ಅಂತ ಗಾಡಿಗೆ ಹಾಕಿಕೊಂಡ. ನನ್ನದಲ್ಲ ಅಂದ ಮೇಲೆ ಯಾವ ಬಾಯಲ್ಲಿ ತಡೆಯಲಿ? ಅವನ ಗಾಡಿಯ ಹಿಂಬದಿಯಲ್ಲಿ ಕ್ಯಾನುಗಳ ನಡುವೆ ಕೂತು, ಆ ಕಣ್ಣು ನನ್ನನ್ನೇ ನೋಡ್ತಾ ದೂರ ಹೋಯಿತು.

ಆಮೇಲೆ ಮಳೆ ಹಿಡಿಯಿತು. ವೇಲಚೇರಿಯಲ್ಲಿ ಮಳೆ ಅಂದರೆ ಗೊತ್ತಲ್ಲ. ಅಂಗಡಿಯೊಳಗೆ ಮೊಣಕಾಲು ನೀರು, ಬಾಗಿಲು ಹಾಕಿ ನಾನು ತಾಂಬರಂಗೆ ಬಂದು ಕೂತೆ. ಮೂರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಸುಧಾಕರನ ಫೋನು. ಅವನ ಧ್ವನಿ ಬಹಳ ಸಣ್ಣದಾಗಿತ್ತು.

"ವಾಸಣ್ಣ, ಸಬ್‌ವೇಯೊಳಗೆ ಗಾಡಿ ನಿಂತುಹೋಯ್ತು. ನೀರು ಏರ್ತಾ ಉಂಟು. ಎಂತದೂ ಹತ್ತುದಿಲ್ಲ, ಗ್ಲಾಸ್ ಇಳಿಯುದಿಲ್ಲ."

ಹಾಸ್ಟೆಲಿನ ಮಕ್ಕಳಿಗೆ ತಿಂಡಿ ತಲುಪಿಸಲಿಕ್ಕೆ ರೈಲ್ವೆ ಸೇತುವೆಯಡಿಯ ದಾರಿಯಲ್ಲಿ ಇಳಿದಿದ್ದ. ಇಳಿಯುವಾಗ ಕಾಲಿನ ಮಟ್ಟ ಇದ್ದ ನೀರು ಗಾಡಿ ಸಬ್‌ವೇಯ ನಡುವಿಗೆ ಬರುವಾಗ ಬಾಗಿಲಿನ ಹಿಡಿಕೆಗೆ ಬಂದಿತ್ತು. ಬಾಗಿಲು ತಳ್ಳಿದರೆ ನೀರು ವಾಪಸ್ ತಳ್ಳುತ್ತದೆ. ಗಾಜು ಇಳಿಸುವುದು ಸ್ವಿಚ್ಚಿನಲ್ಲಿ, ಸ್ವಿಚ್ಚಿಗೆ ಬ್ಯಾಟರಿ ಬೇಕು. ನಾನು ಹೊಸ ಬ್ಯಾಟರಿ ಹಾಕಿಕೊಟ್ಟು ಒಂದು ತಿಂಗಳೂ ಆಗಿಲ್ಲವಲ್ಲ ಅಂತ ಕೇಳಿಯೇ ಬಿಟ್ಟೆ, ಕೇಳುವ ಹೊತ್ತಾ ಅದು. ಅದನ್ನು ಮೊನ್ನೆ ಯಾರೋ ಕದ್ದರು, ನಿಮ್ಮ ಅಂಗಡಿ ಬಾಗಿಲು ಹಾಕಿತ್ತು, ಪಲ್ಲಾವರದಲ್ಲಿ ಹಳೆಯದೊಂದು ತಗೊಂಡೆ ಅಂದ. ನನಗೆ ಆಗಲೇ ಗೊತ್ತಾಯಿತು. ನೋಡದೆಯೂ ಗೊತ್ತಾಯಿತು.

ಸೀಟಿನಡಿಯ ರಿಂಗ್ ಸ್ಪ್ಯಾನರ್ ತೆಗೆ, ಗಾಜಿನ ನಡುವಿಗಲ್ಲ, ಮೂಲೆಗೆ ಹೊಡೆ ಅಂತ ಕೂಗಿದೆ. ಏಟಿನ ಸದ್ದು ಕೇಳ್ತಾ ಇತ್ತು, ಒಂದು, ಎರಡು, ಮೂರು. ನಡುನಡುವೆ ಅವನ ಉಸಿರು. ಆಮೇಲೆ ಒಮ್ಮೆಲೇ ಫೋನಿನಲ್ಲಿ ರೇಡಿಯೋದ ಹಾಡು ಬಂತು. ಎರಡು ಸಾಲು ಹಾಡಿ ನಿಂತಿತು. ಬ್ಯಾಟರಿ ಆ ಕ್ಷಣಕ್ಕೆ ಜೀವ ಹಿಡಿದು ಬಿಟ್ಟಿತ್ತು. ಮತ್ತೆ ನೀರಿನ ಸದ್ದು, ಆಮೇಲೆ ಫೋನು ಸತ್ತಿತು.

ಬದುಕಿದ. ಮೇಲೆ ನಿಂತವರು ಹಗ್ಗ ಹಾಕಿ ಎಳೆದರಂತೆ. ಗಾಜಿಗೆ ಬಿಸಿಲು ತಡೆಯುವ ಕಪ್ಪು ಹಾಳೆ ಅಂಟಿಸಿದ್ದ. ಹಾಗಾಗಿ ಒಡೆದ ಗಾಜು ಉದುರದೆ ಹಾಳೆಗೇ ಕಚ್ಚಿಕೊಂಡಿತ್ತು, ಅದನ್ನು ಬರಿಗೈಯಲ್ಲಿ ಹರಿದು ಹೊರಬಿದ್ದಿದ್ದ. ಬಲಗೈಯ ನರ ತುಂಡಾಯಿತು. ಎಷ್ಟು ಹೊಲಿದರೂ ಮೂರು ಬೆರಳು ಮತ್ತೆ ಮಡಚಲಿಲ್ಲ.

ಆಸ್ಪತ್ರೆಗೆ ಹೋದೆ. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆ ಮೇಲೆ ಇಟ್ಟುಕೊಂಡು ಮಲಗಿದ್ದ. ನನ್ನನ್ನು ನೋಡಿ ಎದ್ದು ಕೂತ.

"ನೀವು ಮೂಲೆಗೆ ಹೊಡೆ ಅಂದ ಕಾರಣ ಬದುಕಿದೆ ವಾಸಣ್ಣ" ಅಂದ. ಆಮೇಲೆ ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, "ಹಳೆಯದು ತಗೊಳ್ಬಾರದಿತ್ತು, ಗೊತ್ತುಂಟು. ಅದರ ಮೇಲೆ ನಿಮ್ಮ ಬೊಟ್ಟು ಇತ್ತು. ನಿಮ್ಮ ಕೈ ದಾಟಿ ಬಂದದ್ದಲ್ವಾ, ಮೋಸ ಹೋಗುದಿಲ್ಲ ಅಂತ ಧೈರ್ಯ ಮಾಡಿದೆ" ಅಂದ.

ತಂದಿದ್ದ ಎಳನೀರು ಅಲ್ಲಿಟ್ಟು ಬಂದೆ.

ನೀರು ಇಳಿದ ಮೇಲೆ ಅವನ ಗಾಡಿಯನ್ನು ನಮ್ಮ ಅಂಗಡಿಗೇ ಎಳೆದು ತಂದರು. ಬಾನೆಟ್ಟಿನೊಳಗೆಲ್ಲ ಕೆಸರು. ಬ್ಯಾಟರಿಯ ಮೇಲಿನ ಕೆಸರನ್ನು ಹೆಬ್ಬೆರಳಿನಲ್ಲಿ ಒರೆಸಿದೆ, ಮೊದಲು ಕಂಡದ್ದು ಬೊಟ್ಟು. ಪಕ್ಕದಲ್ಲಿ ಕಣ್ಣು, ಹಸಿರಾಗಿ. ತಾನು ಮೊದಲಿಗೆ ಕೂತಿದ್ದ ತಟ್ಟೆಗೇ ತಿರುಗಿ ಬಂದು ಕೂತಿತ್ತು. ಬಿಚ್ಚಿ ಟೆಸ್ಟರಿಗೆ ಕೊಟ್ಟೆ. ಪಾಸು. ಕುಲುಕಿ ಕೊಟ್ಟೆ, ಪಾಸು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಲವತ್ತು ಸಲ ಕೊಟ್ಟಿದ್ದೇನೆ, ನೆಲಕ್ಕೆ ಕುಟ್ಟಿ ಕೊಟ್ಟಿದ್ದೇನೆ, ಒಂದು ಸಲವಾದರೂ ಮುಳ್ಳು ಬೀಳಬೇಕಲ್ಲ. ಬೀಳಲಿಲ್ಲ. ಯಾರಿಗೆ ತೋರಿಸಿದರೂ ಇದು ಒಳ್ಳೆಯ ಬ್ಯಾಟರಿ, ವಾಸಣ್ಣನಿಗೆ ಅರಳುಮರಳು ಅನ್ನುತ್ತಿದ್ದರು.

ಹ್ಯಾಕ್ಸಾ ತಂದು ಎರಡೂ ತಲೆ ಕುಯ್ದೆ. ಸೀಸ ಮೆದು, ಬೆಣ್ಣೆಯ ಹಾಗೆ ಹೋಗಬೇಕಾದದ್ದು ಅವತ್ತು ಅರ್ಧ ಗಂಟೆ ಹಿಡಿಯಿತು. ಬ್ಲೇಡು ಮೊಂಡಾಗಿದ್ದದ್ದೂ ಇರಬಹುದು. ಗುಜರಿಯವನ ಗಾಡಿಯಲ್ಲಿ ನಾನೇ ಜೊತೆಗೆ ಹೋಗಿ, ಒಡೆದು ಕರಗಿಸುವವರೆಗೆ ನಿಂತು ನೋಡಿ ಬಂದೆ. ಒಲೆಗೆ ಹೋಗುವ ರಾಶಿಯಲ್ಲಿ ಮಗುಚಿ ಬಿದ್ದ ಮುಚ್ಚಳದಲ್ಲಿ ಆ ಕಣ್ಣು ಇನ್ನೂ ಹಸಿರಾಗಿತ್ತು. ಅದು ಬರೀ ಪ್ಲಾಸ್ಟಿಕ್ಕಿನ ಗುಂಡು, ಮತ್ತೇನಲ್ಲ ಅಂತ ನನಗೆ ಗೊತ್ತುಂಟು. ಅವತ್ತಿನಿಂದ ನಾನು ಯಾವ ಬ್ಯಾಟರಿಗೂ ಬೊಟ್ಟು ಇಡಲಿಲ್ಲ. ಕೇಳಿದವರಿಗೆ ಕುಂಕುಮ ಮುಗಿದಿದೆ ಅಂದೆ.

ಸುಧಾಕರ ಈಗ ಮೆಸ್ಸಿನಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂರ್ತಾನೆ. ಕಾವಲಿಯ ಹತ್ತಿರ ಬೇರೆಯವರು. ಪ್ರತಿ ಆಯುಧಪೂಜೆಗೆ ತಾಂಬರಂವರೆಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಬಂದು, ಜೀವ ಉಳಿಸಿದವರು ಅಂತ ನನಗೆ ಒಂದು ತಟ್ಟೆ ಸಿಹಿ, ಮಂಡಕ್ಕಿ, ಬಾಳೆಹಣ್ಣು ಕೊಟ್ಟು ಕಾಲು ಮುಟ್ಟಿ ಹೋಗ್ತಾನೆ. ತಟ್ಟೆಯ ಭಾರ ಬಲಗೈಯಲ್ಲಿ ನಿಲ್ಲುವುದಿಲ್ಲ. ಪ್ರತಿ ವರ್ಷವೂ ಅದೇ ಮಾತು: ಎಡಗೈಯಲ್ಲಿ ಕೊಟ್ಟೆ ಅಂತ ತಪ್ಪು ತಿಳ್ಕೊಳ್ಬೇಡಿ ವಾಸಣ್ಣ. ಪ್ರತಿ ವರ್ಷವೂ ನಾನು ಎರಡೂ ಕೈಯಲ್ಲಿ ತಗೊಂಡು, ಅಯ್ಯೋ ಇರಲಿ ಮಾರಾಯ ಅಂತೇನೆ. ಅವನು ಹೋದ ಮೇಲೆ ತಟ್ಟೆಯನ್ನು ಹಾಗೇ ಮೊಮ್ಮಕ್ಕಳ ಮುಂದೆ ಇಡ್ತೇನೆ.

ಕೆಲಸಕ್ಕೆ ಸೇರುವ ಮಕ್ಕಳೇ, ಮೈನಸ್ ಮೊದಲು ಬಿಚ್ಚಿ. ತಟ್ಟೆ ಅಳೆಯಿರಿ, ಕ್ಲಾಂಪು ಬಿಗಿಯಿರಿ. ಹಸಿರು ಕಣ್ಣು ನಂಬಬೇಡಿ. ಹಬ್ಬ ಇರಲಿ, ಹುಣ್ಣಿಮೆ ಇರಲಿ, ಸತ್ತದ್ದರ ತಲೆ ಅವತ್ತೇ ತೆಗೆಯಿರಿ. ಕೈ ತಪ್ಪಿ ಹೋದರೆ ನನ್ನದು ಅಂತ ಹೇಳಿ, ನಾನು ಏಳುಮಲೈಗೆ ಹೇಳದೆ ಹೋದದ್ದನ್ನು ನೀವು ಹೇಳಿ.

ನಾಡಿದ್ದು ಆಯುಧಪೂಜೆ. ಸುಧಾಕರ ಬರ್ತಾನೆ. ಈ ಹಾಳೆಗಳನ್ನು ಅಚ್ಚಿಗೆ ಕೊಡುವ ಮುಂಚೆ ಅವನ ಕೈಗೆ ಕೊಡ್ತೇನೆ, ಇಲ್ಲೇ ಕೂತು ಓದು ಅಂತೇನೆ. ಓದಿ ಮುಗಿಸಿದ ಮೇಲೆ ಆ ತಟ್ಟೆಯನ್ನು ನನಗೆ ಕೊಡ್ತಾನೋ, ವಾಪಸ್ ಹಿಡಿದುಕೊಂಡು ಹೋಗ್ತಾನೋ, ನನಗೆ ಗೊತ್ತಿಲ್ಲ.